ಸಮಸ್ಯೆ: ಬಿಸಿಲೆ ನೆರಳನು ಹಾಸಿಕೊಟ್ಟಿತು ದಾರಿಹೋಕನಿಗೆ

ರಾಯಚೂರಿನಿಂದ:
ಮೇಲಿನದು ಭಾಮಿನಿ ಷಟ್ಪದಿ ಎಂಬ ಆರು ಸಾಲಿನ ಪದ್ಯದ ಕೊನೆಯ ಸಾಲು. ಉಳಿದ ಐದು ನೀವು ತುಂಬಿ, ಬಿಸಿಲೇ ನೆರಳು ಕೊಟ್ಟಿತೆಂಬ ಈ ಒಗಟನ್ನು ಬಿಡಿಸಬೇಕು. ಗಿಡ್ಡ ಸಾಲಿಗೆ 3-4-3-4 ಮಾತ್ರೆ (ಅಕ್ಷರ ಹೇಳಲು ಹಿಡಿಯುವ ಕಾಲದ ಅಳತೆ). ಮೂರನೆಯ, ಆರನೆಯ ಸಾಲಿಗೆ 3-4 ಮೂರು ಸಲ, ಕೊನೆಗೊಂದು ಗುರು (ಎಳೆದು ಹೇಳುವ, ಎರಡು ಮಾತ್ರೆಯ ಅಕ್ಷರ). ಪ್ರಾಸಕ್ಕಾಗಿ ಪ್ರತಿ ಸಾಲಿನ ಎರಡನೆಯ ಅಕ್ಷರ ಸಕಾರ, ಅದರ ಹಿಂದೆ ಲಘು (ಒಂದು ಮಾತ್ರೆಯ ಅಕ್ಷರ). ಮಾನ್ವಿಯ ಜಗನ್ನಾಥದಾಸರ ಹರಿಕಥಾಮೃತಸಾರ ಕೇಳಿ ಬೆಳೆದವರಿಗೆ ಈ ನಡೆ ಕಿವಿಯಲ್ಲೇ ಇದೆ, ಅದೂ ಭಾಮಿನಿಯೇ.

ದೇವದುರ್ಗದಿಂದ:
ಒಂದೇ ಸಾಲು ಸಿಕ್ಕಿದೆ ಅಕ್ಕಾ: ‘ಸುಡುವ ಗಾಳಿಯ ರಾಯಚೂರಿನ’. ನಡೆಯುತ್ತಾ?

ರಾಯಚೂರಿನಿಂದ:
ಮಾತ್ರೆ ಸರಿ ಇದೆ. ನಮ್ಮೂರ ಹೆಸರು ಎಷ್ಟು ಚೆನ್ನಾಗಿ ಕೂತಿದೆ ನೋಡಿ: ರಾಯ 3, ಚೂರಿನ 4. ಆದರೆ ಪ್ರಾಸದ ಜಾಗದಲ್ಲಿ ‘ಡ’ ಬಂದಿದೆ. ‘ಬಿಸಿಯ ಗಾಳಿಯ ರಾಯಚೂರಿನ’ ಅಂದರೆ ಆಯಿತು.

ಸಿಂಧನೂರಿನಿಂದ:
ಬಿಸಿಲಿಗೆ ನೀರು ಆವಿಯಾಗಿ, ಮೋಡವಾಗಿ, ನೆರಳು ಕೊಟ್ಟಿತು ಅನ್ನಬಹುದಲ್ವಾ?

ರಾಯಚೂರಿನಿಂದ:
ಅನ್ನಬಹುದು. ಆದರೆ ‘ಹಾಸಿಕೊಟ್ಟಿತು’ ಅನ್ನುವ ಮಾತಿನಲ್ಲಿ ಮನೆಗೆ ಬಂದವರಿಗೆ ಚಾಪೆ ಹಾಸಿದ ಪ್ರೀತಿ ಇದೆ. ಮೋಡ ಸುಮ್ನೆ ಹಾದುಹೋಗುತ್ತದೆ.

ಮಾನ್ವಿಯಿಂದ:
ಹೊಸಿಲು ದಾಟಲು ಕಾಲು ಸುಡುತಿದೆ
ಹಸಿವು ಸುಮ್ಮನೆ ಕೂರಗೊಡದಿದೆ
ಬಸವಳಿದು ನಡೆದವನು ಬೇವಿನ ಬುಡಕೆ ಬಂದೊರಗೆ
ಹಸುಳೆಯಂತಹ ಕೆಂಪು ಚಿಗುರಿಗೆ
ಹಸಿರ ತುಂಬುತ ಎಲೆಯ ಹೆಣೆಯುತ
ಬಿಸಿಲೆ ನೆರಳನು ಹಾಸಿಕೊಟ್ಟಿತು ದಾರಿಹೋಕನಿಗೆ

ರಾಯಚೂರಿನಿಂದ:
ಎರಡು ಸಲ ಗಟ್ಟಿಯಾಗಿ ಓದಿದೆ. ಊರೆಲ್ಲ ಒಣಗುವ ಹೊತ್ತಿಗೇ ಚಿಗುರುವ ಮರ ಬೇವು. ಆ ಎಲೆಯನ್ನು ಬೆಳೆಸುವುದೂ ಬಿಸಿಲೇ. ಹಾಗಾಗಿ ಸಮಸ್ಯೆ ಶಬ್ದದ ಆಟವಿಲ್ಲದೆ ಬಿಡಿಸಿಕೊಂಡಿದೆ. ಮೊದಲರ್ಧ ಕರುಣ ರಸ, ನಾಲ್ಕನೆಯ ಸಾಲಿನಿಂದ ಅದ್ಭುತ ರಸ. ಹಸಿರು ತುಂಬುತ್ತಿರುವುದು ಯಾರು, ಎಲೆ ಹೆಣೆಯುತ್ತಿರುವುದು ಯಾರು? ಆರನೆಯ ಸಾಲಿನ ಮೊದಲ ಪದದವರೆಗೆ ಗೊತ್ತಾಗುವುದೇ ಇಲ್ಲ. ಅಲ್ಲಿವರೆಗೆ ಸುಟ್ಟವನೇ ಅಲ್ಲಿ ತಾಯಿಯಾಗುತ್ತಾನೆ.

ಇನ್ನೊಂದು, ಮೂರನೆಯ ಸಾಲಿನಲ್ಲಿ ಗಣ (ಮಾತ್ರೆಗಳ ಗುಂಪು) ಪದವನ್ನು ಒಡೆದಿದೆ: ಬಸವ / ಳಿದು ನಡೆ / ದವನು. ಓದುವಾಗ ನಾಲಿಗೆ ಎಡವುತ್ತದೆ, ದಣಿದವನ ಹೆಜ್ಜೆಯ ಹಾಗೆ. ಛಂದಸ್ಸು ಭಾವಕ್ಕೆ ದುಡಿಯುವುದು ಅಂದರೆ ಇದೇ. ‘ಕೂರಗೊಡದಿದೆ’ ಮಾತ್ರ ಪುಸ್ತಕದ ಮಾತಾಯಿತು. ‘ಕೂರಬಿಡದಿದೆ’ ಅಂದರೂ ಮಾತ್ರೆ ಅಷ್ಟೇ.

ಮಾನ್ವಿಯಿಂದ:
ತಿದ್ದಿಕೊಂಡೆ ಅಕ್ಕಾ. ನಮ್ಮ ಓಣಿಯ ಬೇವು ಈ ವಾರವಷ್ಟೇ ಕೆಂಪಗೆ ಚಿಗುರಿದೆ. ಅದರ ಕೆಳಗೆ ಕೂತೇ ಬರೆದೆ.