ಪಾರ್ಕ್ ಪಕ್ಕದ ಖಾಲಿ ಆಫೀಸು ಕಟ್ಟಡ: 60 ಮನೆ ಮಾಡುತ್ತಾರಂತೆ, ನಾವು ಏನು ಕೇಳಬೇಕು?

ಸಂಘದ ಕಾರ್ಯದರ್ಶಿ, 4ನೇ ಕ್ರಾಸ್ (ಶನಿವಾರ, ಬೆಳಿಗ್ಗೆ 7:15)

ಎಲ್ಲರಿಗೂ ನಮಸ್ಕಾರ. ಪಾರ್ಕ್ ಪಕ್ಕದ ಗಾಜಿನ ಕಟ್ಟಡದ ವಿಷಯ. 2020ರ ಲಾಕ್‌ಡೌನಿನಲ್ಲಿ ಖಾಲಿಯಾದದ್ದು ಮತ್ತೆ ತುಂಬಲೇ ಇಲ್ಲ, ನೋಡುತ್ತಲೇ ಇದ್ದೇವೆ. ನಿನ್ನೆ ಸಂಜೆ ಮಾಲೀಕರು ಸಿಕ್ಕಿದ್ದರು. ಅದನ್ನು ಮನೆಗಳಾಗಿ ಮಾಡುತ್ತಾರಂತೆ. ನೆಲಮಹಡಿ ಸೇರಿ ಐದು ಅಂತಸ್ತು, ಒಂದೊಂದರಲ್ಲಿ 12, ಒಟ್ಟು 60 ಮನೆ. ಎಲ್ಲವೂ ಒಂದು ರೂಮಿನವು. ಬೇಸ್‌ಮೆಂಟಿನಲ್ಲಿ 22 ಕಾರಿಗೆ ಜಾಗ ಇದೆ. ನಕ್ಷೆ ತೋರಿಸಿ ಅಂತ ಕೇಳಿದ್ದೇನೆ, ಇನ್ನೂ ಕೊಟ್ಟಿಲ್ಲ.

ನಿಮಗೆ ಅನಿಸಿದ್ದನ್ನು ಬರೆಯಿರಿ. ಗುಡ್ ಮಾರ್ನಿಂಗ್ ಫೋಟೋಗಳು ಇವತ್ತೊಂದು ದಿನ ಬೇಡ.

3ನೇ ಕ್ರಾಸ್, ಮೂಲೆ ಮನೆ (7:32)

ನನ್ನದು ಪೂರ್ತಿ ವಿರೋಧ. ನಮ್ಮ ಕಾಂಪೌಂಡ್ ಗೋಡೆ ಆ ಕಟ್ಟಡಕ್ಕೆ ಅಂಟಿಕೊಂಡೇ ಇದೆ. ಹೋದ ಮಳೆಗಾಲದಲ್ಲಿ ನಮ್ಮ ಗೇಟಿನ ಮುಂದಿನ ಮ್ಯಾನ್‌ಹೋಲ್ ಮೂರು ಸಲ ಉಕ್ಕಿತು. ಕೊಳಚೆ ನೀರು ಸಂಪಿನ ಬಾಯಿವರೆಗೆ ಬಂದಿತ್ತು. ನನ್ನ ಹೆಂಡತಿ, ನಾನು ರಾತ್ರಿ ಎರಡು ಗಂಟೆಗೆ ಮರಳಿನ ಚೀಲ ಅಡ್ಡ ಇಟ್ಟೆವು. ಈಗ ಇನ್ನೂ 60 ಮನೆ ಅಂದರೆ? ಕೋರ್ಟಿನಿಂದ ತಡೆ ತರೋಣ. ದುಡ್ಡು ಹಾಕಲು ನಾನು ತಯಾರು.

5ನೇ ಕ್ರಾಸ್, ಎರಡನೇ ಮನೆ (7:50)

ನಾನೂ ವಿರೋಧ. 2024ರ ಮಾರ್ಚ್ ಮರೆತಿದ್ದೀರಾ? ಬೋರ್‌ವೆಲ್ ಬತ್ತಿ ಟ್ಯಾಂಕರಿಗೆ ಕಾಯುತ್ತಾ ಕೂತಿದ್ದೆವು. ಅಪಾರ್ಟ್‌ಮೆಂಟ್ ಅಂತ ಹೇಳಿ ಕೊನೆಗೆ ಪಿಜಿ ಮಾಡುತ್ತಾರೆ, ಬೇಕಾದರೆ ನೋಡಿ.

6ನೇ ಕ್ರಾಸ್, ಮೇಲಿನ ಮನೆ ಬಾಡಿಗೆದಾರ (8:20)

ದೊಡ್ಡವರೆಲ್ಲ ಮಾತಾಡುತ್ತಿದ್ದೀರಿ, ನಾನೂ ಒಂದು ಮಾತು ಹೇಳುತ್ತೇನೆ. ಈ ಬಡಾವಣೆಗೆ ಬರುವ ಮೊದಲು ನಾಲ್ಕು ತಿಂಗಳು ಮನೆ ಹುಡುಕಿದೆ. ಕೆಲವರು ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಕೇಳಿದರು. ಒಬ್ಬನೇ ಇದ್ದೇನೆ ಅಂದ ತಕ್ಷಣ ಕೆಲವರು ಗೇಟೇ ತೆಗೆಯಲಿಲ್ಲ. ನನ್ನ ಹಾಗೆ ಎಷ್ಟೋ ಜನ ದಿನಾ ಎರಡು ಗಂಟೆ ಬಸ್ಸಿನಲ್ಲಿ ನಿಂತು ಬರುತ್ತಾರೆ. ಇಲ್ಲಿ ಐದು ಅಂತಸ್ತು ಆರು ವರ್ಷದಿಂದ ಸುಮ್ನೆ ಬೀಗ ಹಾಕಿಕೊಂಡಿದೆ. ಪೂರ್ತಿ ಬೇಡ ಅನ್ನಬೇಡಿ, ದಯವಿಟ್ಟು.

2ನೇ ಕ್ರಾಸ್, ನಿವೃತ್ತ ಎಂಜಿನಿಯರ್ (9:05)

ಸ್ವಲ್ಪ ಉದ್ದ ಬರೆಯುತ್ತೇನೆ, ಓದಿ. ಮೂವತ್ತು ವರ್ಷ ಕಟ್ಟಡದ ಕೆಲಸ ಮಾಡಿದವನು ನಾನು.

ಮೊದಲು ಗಟ್ಟಿತನ. ಅದರ ಬಗ್ಗೆ ಜಾಸ್ತಿ ಭಯ ಬೇಡ. ಭಾರತೀಯ ಮಾನಕದ ಪ್ರಕಾರ ಮನೆಯ ಸ್ಲ್ಯಾಬ್ ಒಂದು ಚದರ ಮೀಟರಿಗೆ ಸುಮಾರು 200 ಕೆ.ಜಿ. ಭಾರ ಹೊರಬೇಕು. ಆಫೀಸಿನದು 250ರಿಂದ 400. ಅಂದರೆ ಜನ, ಮಂಚ, ಬೀರು ಎಲ್ಲ ತಡೆಯುತ್ತದೆ. ಆದರೆ ಮನೆ ಮನೆಗೆ ಇಟ್ಟಿಗೆ ಗೋಡೆ ಎಬ್ಬಿಸಿದರೆ ಆ ಲೆಕ್ಕ ಬೇರೆಯೇ. ಹಗುರ ಬ್ಲಾಕ್ ಬಳಸಬೇಕು. ಇನ್ನೊಂದು ವಿಷಯ. ಹಳೆ ಆಫೀಸುಗಳಲ್ಲಿ ಕೆಲವು ಸ್ಲ್ಯಾಬ್‌ಗಳ ಒಳಗೆ ಬಿಗಿದ ಉಕ್ಕಿನ ಕೇಬಲ್ ಇರುತ್ತದೆ. ಪೈಪಿಗೆ ಅಂತ ಕಂಡ ಕಂಡಲ್ಲಿ ತೂತು ಕೊರೆದು ಅದು ತುಂಡಾದರೆ ದೊಡ್ಡ ಅಪಾಯ. ಮೂಲ ಸ್ಟ್ರಕ್ಚರಲ್ ಡ್ರಾಯಿಂಗ್ ಇಲ್ಲದೆ ಒಂದು ತೂತೂ ಕೊರೆಯಬಾರದು.

ನಿಜವಾದ ಕಷ್ಟ ಇರುವುದು ಪೈಪಿನಲ್ಲಿ. ಆಫೀಸಿನಲ್ಲಿ ಟಾಯ್ಲೆಟ್ ಎಲ್ಲ ಲಿಫ್ಟ್ ಪಕ್ಕ ಒಂದೇ ಕಡೆ. ಈಗ 60 ಬಚ್ಚಲು, 60 ಅಡುಗೆ ಮನೆ ಬರಬೇಕು. ಮನೆ ಕಟ್ಟುವಾಗ ಬಚ್ಚಲಿಗೆ ಸಂಕನ್ ಸ್ಲ್ಯಾಬ್, ಅಂದರೆ ಪೈಪ್ ಹಾಯಿಸಲು ತಗ್ಗಿಸಿದ ಸ್ಲ್ಯಾಬ್, ಬಿಡುತ್ತೇವೆ, ಅಲ್ವಾ? ಆಫೀಸಿನಲ್ಲಿ ಅದು ಇರುವುದಿಲ್ಲ. ಬಚ್ಚಲಿನ ನೆಲವನ್ನೇ ಒಂದು ಅಡಿ ಎತ್ತರಿಸಬೇಕು. ಆಫೀಸಿನ ಅಂತಸ್ತು ಸಾಮಾನ್ಯವಾಗಿ ಎತ್ತರ ಇರುತ್ತದೆ, ಆದ್ದರಿಂದ ಆಗುತ್ತದೆ. ಮಾಡುವವರು ಮನಸ್ಸಿಟ್ಟು ಮಾಡಬೇಕು ಅಷ್ಟೇ. ಇಲ್ಲದಿದ್ದರೆ ವರ್ಷದೊಳಗೆ ಕೆಳಗಿನ ಮನೆಯ ಸೀಲಿಂಗ್ ಸೋರುತ್ತದೆ.

ಕೊನೆಗೆ ಬೆಳಕು. ಅದನ್ನು ಒಳಗೆ ಹೋಗಿ ನೋಡಿದವರೇ ಹೇಳಬೇಕು.

ಹಾಲಿನ ಬೂತ್ ಎದುರು ಮನೆ (10:40)

ಸರ್, ನಾನು ಹೇಳುತ್ತೇನೆ. ಮದುವೆಗೆ ಮೊದಲು ಆ ಕಟ್ಟಡದಲ್ಲೇ, ಮೂರನೇ ಮಹಡಿಯಲ್ಲಿ, ಕಾಲ್ ಸೆಂಟರ್ ಕೆಲಸಕ್ಕೆ ಹೋಗುತ್ತಿದ್ದೆ. ಕಿಟಕಿ ಇರುವುದು ಮುಂದೆ ಮತ್ತು ಹಿಂದೆ ಮಾತ್ರ. ಎರಡು ಪಕ್ಕ ಬರೀ ಗೋಡೆ. ಆ ಗಾಜೂ ತೆಗೆಯಲು ಬರುವುದಿಲ್ಲ. ನನ್ನ ಸೀಟು ನಟ್ಟ ನಡುವೆ ಇತ್ತು. ಹಗಲಲ್ಲೂ ಟ್ಯೂಬ್‌ಲೈಟ್. ಹೊರಗೆ ಮಳೆ ಬಂದು ನಿಂತರೂ ನಮಗೆ ಗೊತ್ತಾಗುತ್ತಿರಲಿಲ್ಲ. ಎ.ಸಿ. ಕೆಟ್ಟ ದಿನ ಹತ್ತು ನಿಮಿಷಕ್ಕೆ ಉಸಿರು ಕಟ್ಟುತ್ತಿತ್ತು. ಎಂಟು ಗಂಟೆ ಕೂತು ಮನೆಗೆ ಬಂದುಬಿಡುತ್ತಿದ್ದೆವು, ಅದಕ್ಕೆ ತಡೆದುಕೊಂಡೆವು. ಆ ನಡುವಿನ ಜಾಗದಲ್ಲಿ ಒಬ್ಬರು ಸಂಸಾರ ಮಾಡಬೇಕು ಅಂದರೆ ನನಗೆ ಹೊಟ್ಟೆ ತೊಳಸುತ್ತದೆ.

ಹಿಂದಿನ ಮೆಟ್ಟಿಲಿನ ಬಾಗಿಲಿಗೆ ಯಾವಾಗಲೂ ಬೀಗ ಇರುತ್ತಿತ್ತು. ಬೆಂಕಿ ಬಿದ್ದರೆ ಇಳಿಯಲು ಒಂದೇ ದಾರಿ. ಇದನ್ನೂ ಬರೆದುಕೊಳ್ಳಿ.

2ನೇ ಕ್ರಾಸ್, ನಿವೃತ್ತ ಎಂಜಿನಿಯರ್ (11:00)

ಬಹಳ ಉಪಕಾರ ಆಯಿತಮ್ಮ. ಮುಂದಿನಿಂದ ಹಿಂದಕ್ಕೆ ಆ ಕಟ್ಟಡ ಸುಮಾರು 90 ಅಡಿ ಇದೆ. ಕಿಟಕಿಯಿಂದ ಒಳಗೆ ಒಳ್ಳೆಯ ಬೆಳಕು ಬರುವುದು ಹೆಚ್ಚೆಂದರೆ 20 ಅಡಿ. ಮುಂದೆ 20, ಹಿಂದೆ 20 ಬಿಟ್ಟರೆ ನಡುವೆ 50 ಅಡಿ ಕತ್ತಲೆ. ಅಂತಸ್ತಿಗೆ 12 ಮನೆ ಅಂತ ಹೇಳಿದರೆ ಅದರಲ್ಲಿ ಅರ್ಧ ಆ ಕತ್ತಲೆಯಲ್ಲೇ ಬರಬೇಕು.

ಇದು ನಮ್ಮ ಊರಿನ ಸಮಸ್ಯೆ ಮಾತ್ರ ಅಲ್ಲ. ಇಂಗ್ಲೆಂಡಿನಲ್ಲಿ 2013ರಿಂದ ಆಫೀಸುಗಳನ್ನು ಮನೆ ಮಾಡಲು ಪೂರ್ಣ ಪರವಾನಗಿ ಬೇಡ ಅಂದುಬಿಟ್ಟರು. ಗೂಡಿನಂಥ ಮನೆಗಳು, ಬೆಳಕಿಲ್ಲದ ಮನೆಗಳು ಅಂತ ದೂರು ಬಂದವು. ಆಮೇಲೆ 2020ರಲ್ಲಿ ವಾಸದ ಕೋಣೆಗಳಿಗೆ ಸಾಕಷ್ಟು ಸಹಜ ಬೆಳಕು ಇರಲೇಬೇಕು ಅಂತ ಮಾಡಿದರು. 2021ರ ಏಪ್ರಿಲ್‌ನಿಂದ ಒಬ್ಬರ ಮನೆಯೂ ಕನಿಷ್ಠ 37 ಚದರ ಮೀಟರ್ ಇರಬೇಕು, ಹತ್ತಿರ ಹತ್ತಿರ 400 ಚದರ ಅಡಿ. ಎಂಟು ವರ್ಷದಲ್ಲಿ ಎಷ್ಟು ಜನ ಆ ಗೂಡುಗಳಿಗೆ ಹೋಗಿ ಸೇರಿಕೊಂಡರೋ. ಆ ತಪ್ಪನ್ನು ಇಲ್ಲಿ ಮಾಡಿ ಕಲಿಯುವುದು ಬೇಡ.

ನ್ಯೂಯಾರ್ಕಿನ ವಾಟರ್ ಸ್ಟ್ರೀಟಿನ 25ನೇ ನಂಬರಿನಲ್ಲಿ ಒಂದು ದೊಡ್ಡ ಆಫೀಸು ಇತ್ತು. ಈಗ ಅದು 1,300ಕ್ಕೂ ಹೆಚ್ಚು ಮನೆ. ಒಳಗೆ ಬೆಳಕು ಬರಲಿ ಅಂತ ಕಟ್ಟಡದ ಹೊಟ್ಟೆಯಲ್ಲಿ ಎರಡು ಕಡೆ ಸ್ಲ್ಯಾಬ್ ಕತ್ತರಿಸಿ ಮೇಲಿಂದ ಕೆಳಗೆ ತೆರೆದ ಜಾಗ ಮಾಡಿದ್ದಾರೆ.

1ನೇ ಕ್ರಾಸ್, ಮೇಷ್ಟ್ರು (11:25)

ಅದು ನಮ್ಮ ತೊಟ್ಟಿ ಮನೆಯೇ ಆಯಿತಲ್ಲ! ನಮ್ಮ ಅಜ್ಜಿ ಮನೆ ಹಾಸನದ ಹತ್ತಿರ ಇತ್ತು. ನಡುವೆ ತೊಟ್ಟಿ, ಸುತ್ತ ಜಗಲಿ. ಮಳೆ ನೀರು ತೊಟ್ಟಿಗೆ ಬೀಳುತ್ತಿತ್ತು, ಬೆಳಕು ಎಲ್ಲ ಕೋಣೆಗೂ ಬರುತ್ತಿತ್ತು. ನಾಲ್ಕು ಅಣ್ಣತಮ್ಮಂದಿರ ಸಂಸಾರ ಅದರಲ್ಲೇ ನಡೆಯಿತು. ಮಾಲೀಕರಿಗೆ ಹೀಗೇ ಹೇಳಿ. ನಡುವೆ ಒಂದು ತೊಟ್ಟಿ ಬಿಡಿ, ಮನೆ ಕಮ್ಮಿಯಾದರೂ ಪರವಾಗಿಲ್ಲ.

ನಮ್ಮ ಹಳೇ ಸೆಂಟ್ರಲ್ ಜೈಲನ್ನೇ ಫ್ರೀಡಂ ಪಾರ್ಕ್ ಮಾಡಿದ ಊರು ಇದು. ಮನಸ್ಸು ಮಾಡಿದರೆ ಆಗುತ್ತದೆ.

6ನೇ ಕ್ರಾಸ್, ಮೇಲಿನ ಮನೆ ಬಾಡಿಗೆದಾರ (11:31)

ಮೇಷ್ಟ್ರೇ, ಅಂಥ ಮನೆ ಸಿಕ್ಕರೆ ನಾನೇ ಮೊದಲು ಬರುತ್ತೇನೆ.

ಸಂಘದ ಕಾರ್ಯದರ್ಶಿ, 4ನೇ ಕ್ರಾಸ್ (ಮಧ್ಯಾಹ್ನ 1:10)

ನೀರಿನ ಲೆಕ್ಕ ಹಾಕಿದೆ. ಕಟ್ಟಡ ನಿಯಮಗಳಲ್ಲಿ ಆಫೀಸಿನ ಒಬ್ಬರಿಗೆ ದಿನಕ್ಕೆ 45 ಲೀಟರ್, ಮನೆಯಲ್ಲಿ ಇರುವ ಒಬ್ಬರಿಗೆ 135 ಲೀಟರ್ ಅಂತ ಹಿಡಿಯುತ್ತಾರೆ. ಆಗ ಅಲ್ಲಿ ಸುಮಾರು 200 ಜನ ಕೆಲಸ ಮಾಡುತ್ತಿದ್ದರು, 9,000 ಲೀಟರ್. 60 ಮನೆಗೆ ಇಬ್ಬಿಬ್ಬರು ಅಂದರೆ 120 ಜನ, 16,200 ಲೀಟರ್. ದಿನಕ್ಕೆ 6,000 ಲೀಟರಿನ ಸುಮಾರು ಮೂರು ಟ್ಯಾಂಕರ್. ಜನ ಕಡಿಮೆಯಾದರೂ ನೀರು ಹೆಚ್ಚು ಬೇಕು. ಹೋಗುವ ಕೊಳಚೆಯೂ ಅಷ್ಟೇ ಹೆಚ್ಚು.

ಪಿಜಿ ಆದರೆ ಇನ್ನೂ ಕಷ್ಟ. 2024ರ ಆಗಸ್ಟಿನಲ್ಲಿ ಪಾಲಿಕೆ ಪಿಜಿಗಳಿಗೆ ಹೊರಡಿಸಿದ ಸೂಚನೆಯಲ್ಲಿ ಒಬ್ಬರಿಗೆ 70 ಚದರ ಅಡಿ ಜಾಗ, ದಿನಕ್ಕೆ 135 ಲೀಟರ್ ನೀರು ಅಂತ ಇದೆ. ಒಂದು ರೂಮು 300 ಚದರ ಅಡಿ ಅಂತ ಇಟ್ಟುಕೊಂಡರೆ ಆ ಲೆಕ್ಕದಲ್ಲಿ ನಾಲ್ಕು ಜನ ಹಿಡಿಸುತ್ತಾರೆ. 240 ಜನ, 32,400 ಲೀಟರ್. ಅದನ್ನು ನಮ್ಮ ಬೀದಿ ತಡೆಯುವುದಿಲ್ಲ, ನಾನೂ ಒಪ್ಪುವುದಿಲ್ಲ.

ಆದರೆ ತಡೆ ತಂದು ಬೀಗ ಹಾಕಿಸಿದರೆ ನಮಗೆ ಸಿಗುವುದು ಏನು? ಬೇಸ್‌ಮೆಂಟಿನಲ್ಲಿ ನಿಂತ ನೀರು, ಸೊಳ್ಳೆ, ಗೇಟಿನ ಮುಂದೆ ಕಸದ ರಾಶಿ. 3ನೇ ಕ್ರಾಸಿನಲ್ಲಿ ಹೋದ ವರ್ಷ ಎರಡು ಮನೆಯಲ್ಲಿ ಡೆಂಗಿ ಆಯಿತು. ಕೆಡವಿ ಹೊಸದು ಕಟ್ಟಿದರೆ ಎರಡು ವರ್ಷ ದೂಳು. ನನ್ನ ಮನಸ್ಸು ಹೇಳುವುದು ಇಷ್ಟು: ಮನೆಗಳು ಆಗಲಿ, ಮನುಷ್ಯರು ಬಾಳುವ ಮನೆಗಳು ಆಗಲಿ. 60 ಬೇಡ, 30 ಆಗಲಿ. ಅಡುಗೆ ಮನೆ ಇರಲಿ, ತೆರೆಯುವ ಕಿಟಕಿ ಇರಲಿ. ಬಂದವರು ನಮ್ಮ ನೆರೆಹೊರೆಯವರು ಆಗುತ್ತಾರೆ.

3ನೇ ಕ್ರಾಸ್, ಮೂಲೆ ಮನೆ (1:45)

ಮೇಡಂ, ನಿಮ್ಮ ಮಾತು ಅರ್ಥ ಆಗುತ್ತದೆ. ಆ ಹುಡುಗನ ಮಾತೂ ಅರ್ಥ ಆಯಿತು, ನನ್ನ ಮಗನೂ ಪುಣೆಯಲ್ಲಿ ಬಾಡಿಗೆ ಮನೆಯಲ್ಲೇ ಇದ್ದಾನೆ. ಆದರೆ ಮ್ಯಾನ್‌ಹೋಲ್ ಉಕ್ಕುವುದು ನನ್ನ ಗೇಟಿನ ಮುಂದೆ. ಒಳಚರಂಡಿ ಪೈಪ್ ದೊಡ್ಡದು ಮಾಡದೆ ಒಂದು ಮನೆಗೂ ನಾನು ಸಹಿ ಹಾಕುವುದಿಲ್ಲ. ಇದು ಲಿಖಿತವಾಗಿ ಇರಬೇಕು.

2ನೇ ಕ್ರಾಸ್, ನಿವೃತ್ತ ಎಂಜಿನಿಯರ್ (2:00)

ನೀವು ಹೇಳುವುದು ಸರಿ. ಆ ಪೈಪ್ ಹಾಕಿದ್ದು ಒಂಟಿ ಮನೆಗಳ ಕಾಲದಲ್ಲಿ. ಅದನ್ನೇ ಮೊದಲನೇ ಬೇಡಿಕೆ ಮಾಡೋಣ. ಕಟ್ಟಡದ ಒಳಗೇ ಕೊಳಚೆ ನೀರು ಶುದ್ಧ ಮಾಡುವ ಘಟಕ ಹಾಕಿ, ಅದೇ ನೀರನ್ನು ಫ್ಲಶ್‌ಗೆ ಬಳಸಿದರೆ ಹೊರಗೆ ಬರುವುದೂ ಕಮ್ಮಿ, ಕಾವೇರಿ ನೀರೂ ಉಳಿಯುತ್ತದೆ. ಮಳೆ ನೀರು ಕೊಯ್ಲು ಹೇಗೂ ಕಡ್ಡಾಯ. ಆ ಕಟ್ಟಡದ ಮಳೆ ನೀರಿನ ಪೈಪ್ ಈಗ ನೇರ ಚರಂಡಿಗೆ ಇದೆ, ನಾನೇ ನೋಡಿದ್ದೇನೆ.

5ನೇ ಕ್ರಾಸ್, ಎರಡನೇ ಮನೆ (2:20)

ಇದೆಲ್ಲ ಮಾಲೀಕರು ಯಾಕೆ ಕೇಳುತ್ತಾರೆ? ನಮ್ಮ ಕೈಯಲ್ಲಿ ಏನಿದೆ?

ಸಂಘದ ಕಾರ್ಯದರ್ಶಿ, 4ನೇ ಕ್ರಾಸ್ (3:05)

ಕಾನೂನು ಇದೆ ಸರ್. ಕಟ್ಟಡದ ಹಳೆ ಓಸಿ (ಕಟ್ಟಡ ಬಳಸಬಹುದು ಅಂತ ಪಾಲಿಕೆ ಕೊಡುವ ಪತ್ರ) ಆಫೀಸಿಗೆ ಕೊಟ್ಟದ್ದು. ಮನೆ ಮಾಡಬೇಕಾದರೆ ಬದಲಾದ ನಕ್ಷೆಗೆ ಮಂಜೂರಾತಿ, ಆಮೇಲೆ ಹೊಸ ಓಸಿ ಬೇಕು. ಓಸಿ ನೋಡಿದ ಮೇಲೆಯೇ ಕರೆಂಟು, ನೀರು, ಒಳಚರಂಡಿ ಸಂಪರ್ಕ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2024ರ ಡಿಸೆಂಬರ್ 17ರಂದು ಹೇಳಿದೆ. ಮಾರುವುದಾದರೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿಯೂ ಬೇಕು, ಎಂಟಕ್ಕಿಂತ ಹೆಚ್ಚು ಮನೆ ಇದೆಯಲ್ಲ. ಬಾಡಿಗೆಗೆ ಮಾತ್ರ ಅಂದರೆ ರೇರಾ ಬರುವುದಿಲ್ಲ, ಆಗ ನಾವೇ ಜಾಸ್ತಿ ಎಚ್ಚರ ಇರಬೇಕು.

ಹಾಗಾಗಿ ಸೋಮವಾರ ಆರ್‌ಟಿಐ ಹಾಕುತ್ತೇನೆ. ಹಳೆ ಮಂಜೂರಾದ ನಕ್ಷೆ, ಓಸಿ, ಅಗ್ನಿಶಾಮಕದ ಎನ್‌ಒಸಿ (ಆಕ್ಷೇಪ ಇಲ್ಲ ಅನ್ನುವ ಪತ್ರ), ಮೂರೂ ಕೇಳುತ್ತೇನೆ. ಹತ್ತು ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ ಕೊಡಬೇಕು. ಕರ್ನಾಟಕದಲ್ಲಿ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯ ಇರಬೇಕು. ಮೇಷ್ಟ್ರೇ, ನೀವು ತಿದ್ದಿಕೊಡಿ. ಬಿಬಿಎಂಪಿ ಹೋಗಿ 2025ರ ಸೆಪ್ಟೆಂಬರಿನಿಂದ ಐದು ಪಾಲಿಕೆ ಆಗಿವೆ, ನಮ್ಮ ಫೈಲು ಈಗ ಯಾವ ಕಚೇರಿಯಲ್ಲಿದೆ ಅಂತ ಮೊದಲು ವಾರ್ಡ್ ಆಫೀಸಿನಲ್ಲಿ ವಿಚಾರಿಸಬೇಕು. ಯಾರಾದರೂ ಜೊತೆಗೆ ಬರುತ್ತೀರಾ?

6ನೇ ಕ್ರಾಸ್, ಮೇಲಿನ ಮನೆ ಬಾಡಿಗೆದಾರ (3:08)

ನಾನು ಬರುತ್ತೇನೆ ಮೇಡಂ. ಸೋಮವಾರ ರಜೆ ಹಾಕುತ್ತೇನೆ.

1ನೇ ಕ್ರಾಸ್, ಮೇಷ್ಟ್ರು (3:30)

ಅರ್ಜಿ ಕಳಿಸಿ, ರಾತ್ರಿಯೊಳಗೆ ತಿದ್ದಿಕೊಡುತ್ತೇನೆ.

ಸಂಘದ ಕಾರ್ಯದರ್ಶಿ, 4ನೇ ಕ್ರಾಸ್ (ಸಂಜೆ 6:50)

ಮಾಲೀಕರ ಜೊತೆ ಈಗ ಫೋನಿನಲ್ಲಿ ಮಾತಾಡಿದೆ. ಕತ್ತಲೆ ರೂಮುಗಳಿಗೆ ಬಾಡಿಗೆದಾರರು ನಿಲ್ಲುವುದಿಲ್ಲ, ಮನೆ ಕಮ್ಮಿ ಮಾಡಿ ತೊಟ್ಟಿ ಬಿಟ್ಟರೆ ಜನ ವರ್ಷಗಟ್ಟಲೆ ಇರುತ್ತಾರೆ ಅಂತ ಹೇಳಿದೆ. ಒಪ್ಪಿಕೊಂಡಿಲ್ಲ, ಬೇಡ ಅಂತಲೂ ಅನ್ನಲಿಲ್ಲ. ನಾಳೆ ಭಾನುವಾರ ಹತ್ತು ಗಂಟೆಗೆ ಕಟ್ಟಡ ತೆರೆದು ತೋರಿಸುತ್ತಾರೆ. ಅವರ ಆರ್ಕಿಟೆಕ್ಟ್ ಕೂಡ ಬರುತ್ತಾರೆ. ಎಂಜಿನಿಯರ್ ಸರ್, ಅಳತೆ ಟೇಪ್ ನೀವು ತನ್ನಿ. 3ನೇ ಕ್ರಾಸ್ ಸರ್, ಮ್ಯಾನ್‌ಹೋಲ್ ಉಕ್ಕಿದ ಫೋಟೋಗಳು ಇದ್ದರೆ ಪ್ರಿಂಟ್ ಹಾಕಿಸಿ ತನ್ನಿ.

3ನೇ ಕ್ರಾಸ್, ಮೂಲೆ ಮನೆ (7:02)

ಫೋಟೋ ಇವೆ, ತರುತ್ತೇನೆ. ಎಲ್ಲರಿಗೂ ಕಾಫಿ ನಮ್ಮ ಮನೆಯಲ್ಲಿ.

ಹಾಲಿನ ಬೂತ್ ಎದುರು ಮನೆ (7:15)

ನಾನೂ ಬರುತ್ತೇನೆ. ಮೂರನೇ ಮಹಡಿ ತೋರಿಸುತ್ತೇನೆ. ಅಲ್ಲಿ ಕರೆಂಟು ಕಟ್ ಆಗಿದೆ ಅಂತ ವಾಚ್‌ಮನ್ ಹೇಳಿದರು, ಎಲ್ಲರೂ ಟಾರ್ಚ್ ತನ್ನಿ.