ರೀಫ್ ತೊಟ್ಟಿಗೆ ಬಿಸಿಲು ಬೀಳುತ್ತಿದ್ದರೆ ಎಲ್‌ಇಡಿಯನ್ನು ಕಡಿಮೆ ಮಾಡಬಹುದೇ?

ಪ್ರಶ್ನೆ: ನೀಲಿನೀರು

ನಮಸ್ಕಾರ. ನನ್ನ ರೀಫ್ ತೊಟ್ಟಿಗೆ (ಹವಳ ಸಾಕುವ ಉಪ್ಪುನೀರಿನ ಅಕ್ವೇರಿಯಂ) ಈಗ ಮೂರು ವರ್ಷ ತುಂಬಿದೆ. ಉದ್ದ 90, ಅಗಲ 45, ಎತ್ತರ 50 ಸೆಂಟಿಮೀಟರ್. ಸುಮಾರು 200 ಲೀಟರ್ ನೀರು ಹಿಡಿಯುತ್ತದೆ. ಇಷ್ಟು ಕಾಲವೂ ಎರಡು ಎಲ್‌ಇಡಿ ದೀಪಗಳ ಬೆಳಕಿನಲ್ಲೇ ಹವಳಗಳನ್ನು ಸಾಕಿಕೊಂಡು ಬಂದಿದ್ದೆ. ಎರಡು ತಿಂಗಳ ಹಿಂದೆ ತೊಟ್ಟಿಯನ್ನು ಇನ್ನೊಂದು ಕೋಣೆಗೆ ಸಾಗಿಸಬೇಕಾಯಿತು. ಆ ಕೋಣೆಯ ಚಾವಣಿಯಲ್ಲಿ ಗಾಜಿನ ಬೆಳಕಿಂಡಿ ಇದ್ದು, ಮಧ್ಯಾಹ್ನದ ಹೊತ್ತಿಗೆ ಸುಮಾರು ಎರಡೂವರೆ ಗಂಟೆ ನೇರ ಬಿಸಿಲು ತೊಟ್ಟಿಯ ಬಲ ಅರ್ಧದ ಮೇಲೆ ಬೀಳುತ್ತದೆ. ಎಡ ಅರ್ಧಕ್ಕೆ ಮೊದಲಿನಂತೆ ಎಲ್‌ಇಡಿ ಬೆಳಕು ಮಾತ್ರ.

ಬಲಗಡೆ ಇರುವ ಹಸಿರು ಆಕ್ರೊಪೋರಾ (ಕವಲೊಡೆದು ಬೆಳೆಯುವ ಗಟ್ಟಿ ಹವಳ) ಮೊದಲ ಮೂರು ವಾರ ಹಿಂದೆಂದೂ ಕಾಣದಷ್ಟು ಚುರುಕಾಗಿ ಬೆಳೆಯಿತು. ಪ್ರತಿ ಕವಲಿನ ತುದಿಯಲ್ಲೂ ಬಿಳಿಯ ಹೊಸ ಬೆಳವಣಿಗೆ ಕಾಣುತ್ತಿತ್ತು. ಆದರೆ ಬಿಸಿಲು ಬಿದ್ದಾಗ ಅದರ ಹಸಿರೆಲ್ಲ ಮಾಯವಾಗಿ ಮಂಕು ಕಂದಾಗಿ ಕಾಣುತ್ತದೆ, ಮತ್ತು ಕಳೆದ ವಾರದಿಂದ ಕವಲುಗಳ ಮೇಲ್ಭಾಗ ತುಸು ತಿಳಿಯಾಗುತ್ತಿದೆ. ಅದರ ಕೆಳಗೆ ಮರಳಿನ ಮೇಲಿರುವ ಯೂಫಿಲಿಯಾ ಎಂಬ ಇನ್ನೊಂದು ಹವಳ ಬಿಸಿಲು ಬರುತ್ತಿದ್ದಂತೆ ಬೆರಳಿನಂಥ ಗ್ರಹಣಾಂಗಗಳನ್ನು ಒಳಗೆಳೆದುಕೊಂಡು, ಬಿಸಿಲು ಸರಿದ ಮೇಲೆ ಅರ್ಧ ಗಂಟೆಯಲ್ಲಿ ಮತ್ತೆ ಅರಳುತ್ತದೆ. ದಿನಕ್ಕೆ 0.8 ಡಿಕೆಹೆಚ್‌ನಷ್ಟು ಖರ್ಚಾಗುತ್ತಿದ್ದ ಕ್ಷಾರೀಯತೆ (ಹವಳ ತನ್ನ ಸುಣ್ಣದ ಅಸ್ಥಿ ಕಟ್ಟಲು ಬಳಸಿಕೊಳ್ಳುವ ನೀರಿನ ಗುಣ; ಡಿಕೆಹೆಚ್ ಅದರ ಅಳತೆ) ಈಗ 1.2ರಷ್ಟು ಖರ್ಚಾಗುತ್ತಿದೆ. ಫೋನಿನ ಲಕ್ಸ್ ಮಾಪಕದಿಂದ ನೀರಿನ ಮೇಲ್ಮೈಯಲ್ಲಿ ಅಳೆದಾಗ ಎಲ್‌ಇಡಿಗೆ 7,000, ಬಿಸಿಲಿಗೆ 70,000 ಬಂತು.

ಬಿಸಿಲೇ ಹವಳಗಳ ಸಹಜ ಬೆಳಕು ಅಲ್ಲವೇ? ಹಾಗಿದ್ದರೆ ಬಿಸಿಲಿರುವ ಹೊತ್ತಿನಲ್ಲಿ ಎಲ್‌ಇಡಿಯನ್ನು ಆರಿಸಿ, ಕ್ರಮೇಣ ಬಿಸಿಲನ್ನೇ ಮುಖ್ಯ ಬೆಳಕಾಗಿ ನಂಬಬಹುದೇ?

ಉತ್ತರ: ಹವಳಗಾವಲು

ಯಾವ ಬೆಳಕು ಮೇಲು ಎಂಬುದನ್ನು ಸದ್ಯಕ್ಕೆ ಬದಿಗಿಟ್ಟು, ಹವಳವು ಬೆಳಕನ್ನು ಹೇಗೆ ಬಳಸಿಕೊಳ್ಳುತ್ತದೆ ಎಂಬಲ್ಲಿಂದ ಹೊರಡೋಣ. ಹವಳದ ಅಂಗಾಂಶದೊಳಗೆ ನೆಲೆಸಿರುವ ಝೂಕ್ಸಾಂಥೆಲ್ಲೆ ಎಂಬ ಏಕಕೋಶ ಪಾಚಿಗಳು ದ್ಯುತಿಸಂಶ್ಲೇಷಣೆ ನಡೆಸಿ, ತಯಾರಾದ ಆಹಾರದ ಬಹುಪಾಲನ್ನು ಹವಳಕ್ಕೆ ಬಿಟ್ಟುಕೊಡುತ್ತವೆ. 400ರಿಂದ 700 ನ್ಯಾನೋಮೀಟರ್ ತರಂಗಾಂತರದ ಬೆಳಕಿನ ಕಣಗಳು ಎಷ್ಟು ಸಿಕ್ಕವು ಎಂಬುದೇ ಆ ಪಾಚಿಗಳಿಗೆ ಮುಖ್ಯ. ಅವು ಸೂರ್ಯನಿಂದ ಬಂದರೂ ಡಯೋಡಿನಿಂದ ಬಂದರೂ ಕೆಲಸ ಒಂದೇ. ಅವುಗಳಲ್ಲಿರುವ ಕ್ಲೋರೋಫಿಲ್ ಮತ್ತು ಪೆರಿಡಿನಿನ್ ವರ್ಣದ್ರವ್ಯಗಳು ನೀಲಿ ಬೆಳಕನ್ನು ಬಹಳ ಚೆನ್ನಾಗಿ ಹೀರಿಕೊಳ್ಳುತ್ತವೆ. ಸಮುದ್ರದ ನೀರು ಕೆಂಪನ್ನು ಮೊದಲ ಕೆಲವು ಮೀಟರುಗಳಲ್ಲೇ ನುಂಗಿಹಾಕಿ ನೀಲಿಯನ್ನು ಆಳಕ್ಕೆ ಬಿಡುವುದರಿಂದ, ಹತ್ತು ಹದಿನೈದು ಮೀಟರ್ ಆಳದ ಹವಳಕ್ಕೆ ದೊರೆಯುವ ಬಿಸಿಲು ನಮ್ಮ ನೀಲಿ ಎಲ್‌ಇಡಿಗೆ ಹತ್ತಿರವಾಗಿಯೇ ಇರುತ್ತದೆ. ಆದ್ದರಿಂದ ಎಲ್‌ಇಡಿ ಕೃತಕ, ಬಿಸಿಲು ಸಹಜ ಎಂಬ ವಿಂಗಡಣೆ ಹವಳದ ಮಟ್ಟಿಗೆ ಅಷ್ಟು ನಿಲ್ಲುವುದಿಲ್ಲ.

ಬಣ್ಣದ ವಿಚಾರದಲ್ಲಿ ನೀವು ಹೇಳಿದ ಎರಡು ಸಂಗತಿಗಳು ಬೇರೆ ಬೇರೆ, ಅವನ್ನು ಬೆರೆಸಬೇಡಿ. ಆಕ್ರೊಪೋರಾದ ಆ ಹಸಿರು ಬಹುಮಟ್ಟಿಗೆ ಅದರ ಪ್ರತಿದೀಪ್ತ ಪ್ರೋಟೀನುಗಳದ್ದು. ಅವು ನೀಲಿಯನ್ನು ಹೀರಿ ಹಸಿರನ್ನು ಹೊರಸೂಸುತ್ತವೆ. ನೀಲಿ ದೀಪದಡಿ ಸುತ್ತಲಿನ ಬೆಳಕು ನಮ್ಮ ಕಣ್ಣಿಗೆ ಮಂದವಾಗಿರುವುದರಿಂದ ಆ ಹಸಿರು ಎದ್ದು ಕಾಣುತ್ತದೆ. ಪೂರ್ಣ ಬಿಸಿಲಿನಲ್ಲಿ ಹಳದಿ, ಹಸಿರು, ಕೆಂಪು ಬೆಳಕೆಲ್ಲ ಹವಳದಿಂದ ಪ್ರತಿಫಲಿಸಿ ಅದನ್ನು ಮುಚ್ಚಿಬಿಡುತ್ತದೆ. ಅದೇ ಹವಳವನ್ನು ಸಂಜೆ ಬಿಸಿಲು ಹೋದ ಮೇಲೆ ಎಲ್‌ಇಡಿಯಲ್ಲಿ ನೋಡಿ. ಹಸಿರು ಇದ್ದಲ್ಲೇ ಇದ್ದರೆ ಮಧ್ಯಾಹ್ನದ ಆ ಕಂದು ಬಣ್ಣಕ್ಕೆ ಅಂಜಬೇಕಾಗಿಲ್ಲ. ಆದರೆ ಕವಲಿನ ಮೇಲ್ಭಾಗ ತಿಳಿಯಾಗುತ್ತಿದೆ ಎಂದಿರಲ್ಲ, ನನಗೆ ಅದು ಚಿಂತೆಯ ಮಾತು. ಬೆಳಕು ವಿಪರೀತವಾದಾಗ ಹವಳ ತನ್ನೊಳಗಿನ ಪಾಚಿಗಳನ್ನು ಕಡಿಮೆ ಮಾಡಿಕೊಳ್ಳುವುದು ಹೀಗೆ, ಬೆಳಕಿಗೆ ಮುಖ ಮಾಡಿದ ಬದಿಯಿಂದಲೇ ಶುರುವಾಗುತ್ತದೆ.

ಲಕ್ಸ್ ಲೆಕ್ಕವನ್ನು ಇಲ್ಲಿ ನಂಬಬೇಡಿ. ಲಕ್ಸ್ ಎಂಬುದು ಮನುಷ್ಯನ ಕಣ್ಣಿಗೆ ತಕ್ಕಂತೆ ಮಾಡಿದ ಅಳತೆ. ಅದರ ಸೂಕ್ಷ್ಮತೆ 555 ನ್ಯಾನೋಮೀಟರಿನ ಹಸಿರಿನಲ್ಲಿ ಹೆಚ್ಚು, ನೀಲಿಯಲ್ಲಿ ತೀರಾ ಕಡಿಮೆ. ಬಿಸಿಲಿಗಾದರೆ ಲಕ್ಸನ್ನು 54ರಿಂದ ಭಾಗಿಸಿದರೆ ಪಾರ್ ಮೌಲ್ಯ (ಒಂದು ಚದರ ಮೀಟರಿನ ಮೇಲೆ ಸೆಕೆಂಡಿಗೆ ಬೀಳುವ ಆ 400ರಿಂದ 700 ನ್ಯಾನೋಮೀಟರಿನ ಕಣಗಳ ಲೆಕ್ಕ, ಮೈಕ್ರೋಮೋಲ್‌ಗಳಲ್ಲಿ) ಹೆಚ್ಚುಕಡಿಮೆ ಸಿಗುತ್ತದೆ, ಅಂದರೆ ನಿಮ್ಮ 70,000 ಲಕ್ಸ್ ಎಂದರೆ ಸುಮಾರು 1,300 ಮೈಕ್ರೋಮೋಲ್. ನೀಲಿ ಎಲ್‌ಇಡಿಗೆ ಅದೇ ಭಾಗಾಕಾರ ಹಾಕಿದರೆ ಇರುವುದಕ್ಕಿಂತ ಎಷ್ಟೋ ಕಡಿಮೆ ತೋರಿಸುತ್ತದೆ. ಯಾರಿಂದಲಾದರೂ ಪಾರ್ ಮಾಪಕವನ್ನು ಎರಡು ದಿನದ ಮಟ್ಟಿಗೆ ಕೇಳಿ ಪಡೆದು, ಸಂವೇದಕವನ್ನು ಹವಳದ ಪಕ್ಕದಲ್ಲೇ ಹಿಡಿದು ಅಳೆಯಿರಿ. ಅಲ್ಲಿಯವರೆಗೆ ಯಾವ ದೀಪವನ್ನೂ ಬದಲಾಯಿಸಬೇಡಿ.

ಉತ್ತರ: ತೆರೆನೊರೆ

ಇದೇ ಆಸೆಯಿಂದ ನಾನು ಒಮ್ಮೆ ಕೈ ಸುಟ್ಟುಕೊಂಡಿದ್ದೇನೆ, ಆದ್ದರಿಂದ ಬರೆಯದೆ ಇರಲಾರೆ. ಮೊಂಟಿಪೋರಾ ಎಂಬ ಹವಳದ ಹನ್ನೊಂದು ತುಣುಕುಗಳನ್ನು ಬಿಸಿಲು ಬೀಳುವ ಸಣ್ಣ ತೊಟ್ಟಿಯೊಂದಕ್ಕೆ ಸಾಗಿಸಿ, ನಾಲ್ಕು ವಾರಗಳಲ್ಲಿ ಹಂತಹಂತವಾಗಿ ಒಗ್ಗಿಸಿದ್ದೆ. ಎಲ್ಲವೂ ಚೆನ್ನಾಗಿತ್ತು. ಆಮೇಲೆ ಒಂಬತ್ತು ದಿನ ಮೋಡ ಕವಿದುಕೊಂಡಿತು. ಹವಳಗಳು ಗಾಢ ಕಂದು ಬಣ್ಣಕ್ಕೆ ತಿರುಗಿದವು, ನಾನು ಅದನ್ನು ಆರೋಗ್ಯದ ಲಕ್ಷಣವೆಂದೇ ತಿಳಿದೆ. ನಿಜವಾಗಿ ಅವು ಮಂದ ಬೆಳಕಿಗೆ ಹೊಂದಿಕೊಳ್ಳಲು ಪಾಚಿಯನ್ನೂ ವರ್ಣದ್ರವ್ಯವನ್ನೂ ಹೆಚ್ಚಿಸಿಕೊಂಡಿದ್ದವು. ಹತ್ತನೆಯ ದಿನ ಆಕಾಶ ಒಮ್ಮೆಲೇ ತಿಳಿಯಾಯಿತು. ಮಧ್ಯಾಹ್ನ ಹನ್ನೆರಡರಿಂದ ಮೂರರೊಳಗೆ ನೀರು 26 ಡಿಗ್ರಿಯಿಂದ 29.5ಕ್ಕೆ ಏರಿತು.

ಮರುದಿನ ಬೆಳಿಗ್ಗೆ ಒಂದು ತುಣುಕನ್ನು ಕೈಯಲ್ಲಿ ಹಿಡಿದು ನೋಡಿದೆ. ಆಕಾಶಕ್ಕೆ ಮುಖ ಮಾಡಿದ ಬದಿ ಸುಣ್ಣ ಬಳಿದಂತೆ ಬಿಳಿಚಿತ್ತು. ಅಡಿಯಲ್ಲಿ, ನೆರಳಿದ್ದ ಕಡೆ, ಅದೇ ಗಾಢ ಕಂದು ಹಾಗೆಯೇ ಉಳಿದಿತ್ತು. ನಡುವೆ ಗೆರೆ ಎಳೆದಂತೆ ಸ್ಪಷ್ಟವಾದ ಅಂಚು. ಹನ್ನೊಂದರಲ್ಲಿ ನಾಲ್ಕು ಮಾತ್ರ ಬದುಕಿದವು, ಅವಕ್ಕೂ ಬಣ್ಣ ಮರಳಲು ಎರಡೂವರೆ ತಿಂಗಳು ಹಿಡಿಯಿತು.

ಬಿಸಿಲಿನ ಶಕ್ತಿಯಲ್ಲಿ ಸುಮಾರು ಅರ್ಧದಷ್ಟು ಕಣ್ಣಿಗೆ ಕಾಣದ ಅವಕೆಂಪು ಕಿರಣಗಳದ್ದು. ಪಾಚಿಗೆ ಅದರಿಂದ ಉಪಯೋಗವಿಲ್ಲ, ನೀರನ್ನು ಮಾತ್ರ ಕಾಯಿಸುತ್ತದೆ. ಎಲ್‌ಇಡಿಯಲ್ಲೂ ಬಿಸಿ ಹುಟ್ಟುತ್ತದೆ, ಆದರೆ ಅದರ ಹೆಚ್ಚಿನ ಪಾಲು ದೀಪದ ಹಿಂಬದಿಯ ಲೋಹದ ಮೂಲಕ ಗಾಳಿಗೆ ಹೋಗುತ್ತದೆ. ಬೆಳಕೂ ಕಾವೂ ಒಟ್ಟಿಗೆ ಏರಿದಾಗ ಹವಳ ಎರಡರ ಪೆಟ್ಟನ್ನೂ ಒಮ್ಮೆಲೇ ತಾಳಬೇಕಾಗುತ್ತದೆ. ಒಂದೊಂದನ್ನೇ ಆದರೆ ಸಹಿಸಿಕೊಳ್ಳುತ್ತಿತ್ತೋ ಏನೋ. ದಯವಿಟ್ಟು ಮಧ್ಯಾಹ್ನದ ಉಷ್ಣತೆಯನ್ನು ಗಂಟೆಗೊಮ್ಮೆ ಬರೆದಿಡಿ. ಬಿಸಿಲಿನ ದಿನಗಳಲ್ಲಿ ನೀರು ಹೆಚ್ಚು ಆವಿಯಾಗಿ ಲವಣಾಂಶವೂ ಏರುತ್ತದೆ, ಅದರ ಮೇಲೂ ಒಂದು ಕಣ್ಣಿರಲಿ.

ಉತ್ತರ: ಉಪ್ಪುಗಾಳಿ

ನನ್ನ ಅಭಿಪ್ರಾಯ ಸ್ವಲ್ಪ ಕಟುವಾಗಿದೆ: 200 ಲೀಟರಿನ ತೊಟ್ಟಿಗೆ ನೇರ ಬಿಸಿಲು ಬೇಡವೇ ಬೇಡ. ಬಿಸಿಲಿನಲ್ಲಿ ಹವಳ ಸಾಕಿ ಗೆದ್ದವರಿದ್ದಾರೆ, ಇಲ್ಲವೆನ್ನುವುದಿಲ್ಲ. ಹೊನೊಲುಲುವಿನ ವೈಕಿಕಿ ಅಕ್ವೇರಿಯಂ ಹೊರಾಂಗಣದ ತೊಟ್ಟಿಗಳಲ್ಲಿ ಸೂರ್ಯನ ಬೆಳಕಿನಲ್ಲೇ ಹವಳ ಬೆಳೆಸಿದ್ದಕ್ಕೆ ಹೆಸರಾಗಿದೆ. ಆಸ್ಟ್ರೇಲಿಯಾದ ಟೌನ್ಸ್‌ವಿಲ್‌ನಲ್ಲಿ 1987ರಲ್ಲಿ ತೆರೆದ ಅಕ್ವೇರಿಯಂನ ಹವಳದ ತೊಟ್ಟಿ ಆಕಾಶಕ್ಕೆ ತೆರೆದೇ ಇತ್ತು. ಆದರೆ ಆ ಟೌನ್ಸ್‌ವಿಲ್ ತೊಟ್ಟಿಯಲ್ಲಿದ್ದದ್ದು 25 ಲಕ್ಷ ಲೀಟರ್ ನೀರು. ಅಷ್ಟು ನೀರು ಒಂದು ಮಧ್ಯಾಹ್ನದಲ್ಲಿ ಮೂರು ಡಿಗ್ರಿ ಏರುವುದಿಲ್ಲ, ನಮ್ಮದು ಏರುತ್ತದೆ.

ಎಲ್‌ಇಡಿಯ ದೊಡ್ಡ ಗುಣವೆಂದರೆ ಅದು ಇಂದು ಕೊಟ್ಟಷ್ಟನ್ನೇ ನಾಳೆಯೂ ಕೊಡುತ್ತದೆ. ಲಂಡನ್ನಿನ ಹಾರ್ನಿಮನ್ ವಸ್ತುಸಂಗ್ರಹಾಲಯದ ಅಕ್ವೇರಿಯಂನವರು ಹಗಲಿನ ಉದ್ದ, ಋತುಮಾನದ ಉಷ್ಣತೆ, ಚಂದ್ರನ ವೃದ್ಧಿಕ್ಷಯ ಎಲ್ಲವನ್ನೂ ಯಂತ್ರದಿಂದ ನಿಯಂತ್ರಿಸಿ, ಮುಚ್ಚಿದ ತೊಟ್ಟಿಯಲ್ಲೇ ಆಕ್ರೊಪೋರಾಗಳು ನಿರೀಕ್ಷಿತ ಕಾಲಕ್ಕೆ ಮೊಟ್ಟೆ ಬಿಡುವಂತೆ ಮಾಡಿ, ಆ ವಿಧಾನವನ್ನು 2017ರಲ್ಲಿ ಪ್ರಕಟಿಸಿದರು. ಬಿಸಿಲಿಲ್ಲದ ತೊಟ್ಟಿಯಲ್ಲೂ ಹವಳ ಸಂತಾನಕ್ಕೆ ಸಿದ್ಧವಾಗುತ್ತದೆ ಎಂದ ಮೇಲೆ, ನಿಯಂತ್ರಣ ಬಿಟ್ಟುಕೊಟ್ಟು ಬಿಸಿಲಿನ ಹಿಂದೆ ಹೋಗಲು ನನಗೆ ಕಾರಣ ಕಾಣುವುದಿಲ್ಲ. ನಿಮ್ಮ ಬೆಳಕಿಂಡಿಯ ಬಿಸಿಲು ಋತು ಬದಲಾದಂತೆ ಜಾಗವನ್ನೂ ಬದಲಿಸುತ್ತದೆ. ಇನ್ನು ಮೂರು ತಿಂಗಳಿಗೆ ಅದು ಎಡ ಅರ್ಧದ ಮೇಲೆ ಬಿದ್ದರೆ ಅಲ್ಲಿನ ಹವಳಗಳು ಅದಕ್ಕೆ ಒಗ್ಗಿರುವುದಿಲ್ಲ.

ಪ್ರಶ್ನೆ ಕೇಳಿದವರಿಂದ: ನೀಲಿನೀರು

ಎಲ್ಲರಿಗೂ ಕೃತಜ್ಞತೆ. ಪಾರ್ ಮಾಪಕ ಸಿಕ್ಕಿತು. ಆಕ್ರೊಪೋರಾದ ಪಕ್ಕದಲ್ಲಿ ಎಲ್‌ಇಡಿಯಿಂದ ಮಾತ್ರ 180, ಬಿಸಿಲಿನಿಂದ ಮಾತ್ರ ಗರಿಷ್ಠ 920. ಎರಡೂವರೆ ಗಂಟೆಗಳ ಸರಾಸರಿ ತೆಗೆದರೆ ಬಿಸಿಲಿನ ಪಾಲು ಸುಮಾರು 800. ಎಲ್‌ಇಡಿ ದಿನಕ್ಕೆ ಒಂಬತ್ತು ಗಂಟೆ ಉರಿಯುತ್ತದೆ. ಯೂಫಿಲಿಯಾದ ಬಳಿ ಮಧ್ಯಾಹ್ನ ಎರಡೂ ಸೇರಿ 520. ನೀರಿನ ಉಷ್ಣತೆ ಬೆಳಿಗ್ಗೆ 25.5, ಮೂರು ಗಂಟೆಗೆ 27.8. ಸಂಜೆ ಎಲ್‌ಇಡಿಯಲ್ಲಿ ನೋಡಿದರೆ ಆಕ್ರೊಪೋರಾದ ಬದಿಗಳಲ್ಲಿ ಹಸಿರು ಚೆನ್ನಾಗಿಯೇ ಇದೆ, ಮೇಲ್ಭಾಗ ಮಾತ್ರ ನಿಜವಾಗಿಯೂ ತಿಳಿಯಾಗಿದೆ.

ಉತ್ತರ: ಹವಳಗಾವಲು

ಈ ಅಂಕಿಗಳಿಂದ ವಿಷಯ ಸ್ಪಷ್ಟವಾಯಿತು. ಸೆಕೆಂಡಿನ ಲೆಕ್ಕವನ್ನು ದಿನದ ಲೆಕ್ಕಕ್ಕೆ ತಿರುಗಿಸೋಣ (ಹತ್ತು ಲಕ್ಷ ಮೈಕ್ರೋಮೋಲ್ ಎಂದರೆ ಒಂದು ಮೋಲ್). ಎಲ್‌ಇಡಿ: 180ನ್ನು ಒಂಬತ್ತು ಗಂಟೆಗಳ 32,400 ಸೆಕೆಂಡುಗಳಿಂದ ಗುಣಿಸಿದರೆ ಚದರ ಮೀಟರಿಗೆ ಸುಮಾರು 5.8 ಮೋಲ್. ಬಿಸಿಲು: 800ನ್ನು 9,000 ಸೆಕೆಂಡುಗಳಿಂದ ಗುಣಿಸಿದರೆ 7.2 ಮೋಲ್. ಅಂದರೆ ಎರಡೂವರೆ ಗಂಟೆಯ ಬಿಸಿಲು ಇಡೀ ದಿನದ ಎಲ್‌ಇಡಿಗಿಂತ ಹೆಚ್ಚು ಬೆಳಕನ್ನು ಸುರಿಯುತ್ತಿದೆ, ನಿಮ್ಮ ಆಕ್ರೊಪೋರಾಕ್ಕೆ ದಿನಕ್ಕೆ 13 ಮೋಲ್ ಬೀಳುತ್ತಿದೆ. ಮೂರು ವರ್ಷ 5.8ಕ್ಕೆ ಒಗ್ಗಿದ್ದ ಹವಳ ಮೊದಲು ಭರದಿಂದ ಬೆಳೆದು, ಕ್ಷಾರೀಯತೆಯನ್ನು ಹೆಚ್ಚು ಬಳಸಿ, ಈಗ ಸೋಲುತ್ತಿರುವುದು ಇದರಿಂದಲೇ.

ಇನ್ನು ನಿಮ್ಮ ಮೂಲ ಪ್ರಶ್ನೆ. ಮಧ್ಯಾಹ್ನದ ಎರಡೂವರೆ ಗಂಟೆ ಎಲ್‌ಇಡಿ ಆರಿಸಿದರೆ ಕಡಿಮೆಯಾಗುವುದು 1.6 ಮೋಲ್ ಮಾತ್ರ, ಮತ್ತು 920ರ ಶಿಖರ ಹಾಗೆಯೇ ನಿಂತಿರುತ್ತದೆ. ಪಾಚಿಗಳ ದ್ಯುತಿಸಂಶ್ಲೇಷಣೆ ಕೆಲವು ನೂರು ಮೈಕ್ರೋಮೋಲ್ ದಾಟಿದ ಮೇಲೆ ಹೆಚ್ಚುವುದಿಲ್ಲ. ಅದಕ್ಕಿಂತ ಮೇಲೆ ಬಿದ್ದ ಬೆಳಕನ್ನು ಹೇಗಾದರೂ ಹೊರಹಾಕುವುದೇ ಅವುಗಳಿಗೆ ದುಡಿಮೆಯಾಗುತ್ತದೆ. ಆದ್ದರಿಂದ ಕಡಿಮೆ ಮಾಡಬೇಕಾದದ್ದು ಬಿಸಿಲನ್ನು. ಬೆಳಕಿಂಡಿಗೆ, ಸಾಧ್ಯವಾದರೆ ಗಾಜಿನ ಹೊರಬದಿಯಲ್ಲಿ, ಶೇ 70ರಷ್ಟು ನೆರಳು ಕೊಡುವ ಬಲೆ ಕಟ್ಟಿ. ಆಗ ಬಿಸಿಲಿನ ಶಿಖರ 276ಕ್ಕೆ ಇಳಿದು, ಎಲ್‌ಇಡಿ ಸೇರಿ 456 ಆಗುತ್ತದೆ. ದಿನದ ಒಟ್ಟು ಸುಮಾರು 8 ಮೋಲ್. ಆಕ್ರೊಪೋರಾಕ್ಕೆ ಅದು ಹಿತವಾದ ಮಟ್ಟ. ಕಾವು ಕೂಡ ಒಳಗೆ ಬರುವ ಮೊದಲೇ ತಡೆಯಲ್ಪಡುತ್ತದೆ. ಯೂಫಿಲಿಯಾಕ್ಕೆ 80ರಿಂದ 150 ಸಾಕು, ಅದನ್ನು ಇಂದೇ ಎಡಗಡೆಗೆ ಸರಿಸಿ.

ಉಪ್ಪುಗಾಳಿಯವರ ಎಚ್ಚರಿಕೆ ಸರಿಯಾಗಿದೆ, ಆದರೂ ಬಿಸಿಲನ್ನು ಪೂರ್ತಿ ಮುಚ್ಚಿಬಿಡಿ ಎಂದು ನಾನು ಹೇಳಲಾರೆ. ಎಲ್‌ಇಡಿ ಕೆಲವೇ ಬಿಂದುಗಳಿಂದ ಬೆಳಕು ಚೆಲ್ಲುವುದರಿಂದ ಕವಲಿನ ಅಡಿಭಾಗ ಸದಾ ನೆರಳಲ್ಲೇ ಉಳಿಯುತ್ತದೆ. ಬಿಸಿಲು ಆಕಾಶದಲ್ಲಿ ಜರುಗುತ್ತಾ ಬೇರೆ ಬೇರೆ ಕೋನದಿಂದ ಅದನ್ನು ತಲುಪುತ್ತದೆ. ಮೋಡದ ದಿನಗಳಲ್ಲಿ ಎಲ್‌ಇಡಿಯ 5.8 ಮೋಲ್ ಆಧಾರವಾಗಿ ಇದ್ದೇ ಇರುವುದರಿಂದ ತೆರೆನೊರೆಯವರ ತೊಟ್ಟಿಯಲ್ಲಾದ ಹಠಾತ್ ಏರಿಳಿತ ನಿಮ್ಮಲ್ಲಿ ಆಗುವುದಿಲ್ಲ. ಇನ್ನೊಂದು ಮಾತು: ಈ ವಾರಗಳಲ್ಲಿ ಸಕ್ರಿಯ ಇದ್ದಿಲನ್ನು ಹೊಸದಾಗಿ ಹಾಕಬೇಡಿ. ಅದು ನೀರಿನ ಹಳದಿ ಛಾಯೆಯನ್ನು ತೆಗೆದು ನೀಲಿ ಬೆಳಕನ್ನು ಮತ್ತಷ್ಟು ಒಳಗೆ ಬಿಡುತ್ತದೆ.

ಪ್ರಶ್ನೆ ಕೇಳಿದವರಿಂದ: ನೀಲಿನೀರು

ಬಲೆಯನ್ನು ನಿನ್ನೆ ಗಾಜಿನ ಹೊರಗೆ ಕಟ್ಟಿದೆ. ಇಂದು ಮೋಡವಿಲ್ಲದ ಮಧ್ಯಾಹ್ನದಲ್ಲಿ ಆಕ್ರೊಪೋರಾದ ಪಕ್ಕ ಎರಡೂ ಬೆಳಕು ಸೇರಿ 450 ಬಂತು, ಮೂರು ಗಂಟೆಗೆ ನೀರು 26.4 ಡಿಗ್ರಿ ಇತ್ತು. ಎಡಗಡೆಗೆ ಸರಿಸಿದ ಯೂಫಿಲಿಯಾ ಮಧ್ಯಾಹ್ನ ಪೂರ್ತಿ ಅರಳಿಕೊಂಡೇ ಇತ್ತು. ಕವಲಿನ ಮೇಲ್ಭಾಗದ ಚಿತ್ರವನ್ನು ಪ್ರತಿ ಭಾನುವಾರ ಸಂಜೆ ಒಂದೇ ದೀಪದಡಿ, ಒಂದೇ ದೂರದಿಂದ ತೆಗೆದು ಇಲ್ಲಿ ಹಾಕುತ್ತೇನೆ. ಬಿಸಿಲಿನ ಪಟ್ಟೆಯ ಅಂಚು ಎಲ್ಲಿಯವರೆಗೆ ಬರುತ್ತದೆ ಎಂಬುದನ್ನು ತೊಟ್ಟಿಯ ಗಾಜಿನ ಮೇಲೆ ಅಂಟುಪಟ್ಟಿಯಿಂದ ಗುರುತು ಮಾಡಿದ್ದೇನೆ; ಅದು ಎಡಕ್ಕೆ ಜರುಗತೊಡಗಿದರೆ ಬಲೆಯನ್ನು ಎರಡು ಪದರ ಮಾಡುತ್ತೇನೆ.