ಒಣಹಣ್ಣು, ಒಣಗಿದ ಹಣ್ಣು, ಡ್ರೈ ಫ್ರೂಟ್ಸ್: ಯಾವುದನ್ನು ಬರೆಯಲಿ?

ಬಳಗದ ಎಲ್ಲರಿಗೂ ನಮಸ್ಕಾರ.

ದಾವಣಗೆರೆಯ ನಮ್ಮ ಬಡಾವಣೆಯಲ್ಲಿ ಬೆಳಿಗ್ಗೆ ವಾಕಿಂಗ್ ಹೋಗುವ ಹಿರಿಯರ ಒಂದು ಗುಂಪಿದೆ. ಅವರಿಗಾಗಿ ಒಬ್ಬರು ದಿನದ ಊಟ-ತಿಂಡಿಯ ಪಟ್ಟಿಯನ್ನು ಇಂಗ್ಲಿಷಿನಲ್ಲಿ ಮಾಡಿಕೊಟ್ಟರು. ಕನ್ನಡಕ್ಕೆ ತರುವ ಕೆಲಸ ನನ್ನ ಪಾಲಿಗೆ ಬಂತು. ಅರ್ಧ ಗಂಟೆಯ ಕೆಲಸ ಅಂದುಕೊಂಡು ಕೂತೆ. ಒಂದೇ ಒಂದು ಸಾಲಿನಲ್ಲಿ ಸಿಕ್ಕಿಹಾಕಿಕೊಂಡೆ.

ಆ ಸಾಲನ್ನು ಮೊದಲು ಹೀಗೆ ಬರೆದಿದ್ದೆ: 'ದಿನಕ್ಕೆ ಒಂದು ಹಿಡಿ, ಅಂದರೆ 30 ಗ್ರಾಂ ಒಣಹಣ್ಣು ತಿನ್ನಿ.' ಅವ್ವನಿಗೆ ಓದಿ ಹೇಳಿದೆ. ಕನ್ನಡಕ ಏರಿಸಿ ನನ್ನನ್ನೇ ನೋಡಿದಳು. "ಒಣಗಿದ್ ಹಣ್ಣು ಯಾಕೋ ತಿನ್ಬೇಕು? ಚಲೋ ಹಣ್ಣು ಸಿಗಲ್ವೇನು ಸಂತ್ಯಾಗೆ?" ಅವಳ ಕಣ್ಣ ಮುಂದೆ ಬಂದದ್ದು ಬುಟ್ಟಿಯ ತಳದಲ್ಲಿ ಸುಕ್ಕುಗಟ್ಟಿ ಉಳಿದ ಮೋಸಂಬಿ. ಅವಳದೇನು ತಪ್ಪು?

ಯೋಚನೆ ಮಾಡಿದರೆ 'ಒಣ' ಅನ್ನುವುದು ಸ್ವಲ್ಪ ತಂಟೆಯ ಪದ. ಒಣಮೆಣಸಿನಕಾಯಿ, ಒಣಹುಲ್ಲು, ಒಣಮೀನು ಅಂದರೆ ಯಾರಿಗೂ ಗೊಂದಲ ಇಲ್ಲ. ಆದರೆ ಒಣಜಂಬ, ಒಣಹರಟೆ, ಒಣಪ್ರತಿಷ್ಠೆ ಅಂತ ಬಂದಾಗ ಒಳಗೆ ತಿರುಳೇ ಇಲ್ಲ ಅನ್ನುವ ಅರ್ಥ. ಇತ್ತ 'ಹಣ್ಣು' ಅಂದ ಕೂಡಲೇ ಮನಸ್ಸಿಗೆ ಬರುವುದು ರಸ, ಮೆತ್ತಗಿನ ತಿರುಳು. ಎರಡನ್ನೂ ಒಟ್ಟಿಗೆ ಕಟ್ಟಿದರೆ ಒಂದಕ್ಕೊಂದು ಜಗಳ ಆಡುತ್ತವೆ.

ಹಾಗಾದರೆ 'ಡ್ರೈ ಫ್ರೂಟ್ಸ್' ಅಂತಲೇ ಬಿಡೋಣ, ಎಲ್ಲರಿಗೂ ಗೊತ್ತಲ್ವಾ ಅಂದುಕೊಂಡೆ. ಮಂಡಿಪೇಟೆಯ ಅಂಗಡಿಯೊಂದರಲ್ಲಿ ಸುಮ್ನೆ ಪರೀಕ್ಷೆಗೆ ಅಂತ "ಕಾಲು ಕೆಜಿ ಡ್ರೈ ಫ್ರೂಟ್ಸ್ ಕೊಡ್ರಿ" ಅಂದೆ. "ಯಾವ್ದು ಸರ್, ಗೋಡಂಬಿನಾ, ಬಾದಾಮಿನಾ?" ಅಂತ ಕೇಳಿದರು. ದ್ರಾಕ್ಷಿಯ ಹೆಸರು ಆಮೇಲೆ ಬಂತು, ಅಂಜೂರದ್ದು ನಾನೇ ಕೇಳಿದ ಮೇಲೆ. ಅಂದರೆ ಪೇಟೆಯ ಡ್ರೈ ಫ್ರೂಟ್ಸ್‌ನಲ್ಲಿ ಮೊದಲ ಮಣೆ ಬೀಜಗಳಿಗೆ, ಹಣ್ಣಿಗಲ್ಲ. ಮಾತಿನಲ್ಲಿ ಇದು ನಡೆಯುತ್ತದೆ, ಊಟದ ಪಟ್ಟಿಯಲ್ಲಿ ನಡೆಯುವುದಿಲ್ಲ. ಗೋಡಂಬಿ, ಬಾದಾಮಿಯಲ್ಲಿ ಜಾಸ್ತಿ ಇರುವುದು ಕೊಬ್ಬು. ಒಣದ್ರಾಕ್ಷಿ, ಖರ್ಜೂರದಲ್ಲಿ ಸಕ್ಕರೆ. 100 ಗ್ರಾಂ ಹಸಿ ದ್ರಾಕ್ಷಿಯಲ್ಲಿ ಸುಮಾರು 16 ಗ್ರಾಂ ಸಕ್ಕರೆ ಇದ್ದರೆ ಅಷ್ಟೇ ತೂಕದ ಒಣದ್ರಾಕ್ಷಿಯಲ್ಲಿ 60 ಗ್ರಾಂ ಹತ್ತಿರ ಇರುತ್ತದೆ. ನೀರು ಹೋಗಿ ಉಳಿದದ್ದೆಲ್ಲ ಒತ್ತಾಗುತ್ತದೆ, ಅಷ್ಟೇ. ನಾರು, ಪೊಟ್ಯಾಸಿಯಮ್ ಕೂಡ ಹಾಗೇ ಒತ್ತಾಗುತ್ತವೆ, ಒಳ್ಳೆಯದೇ. ಆದರೆ ಸಿ ಜೀವಸತ್ವ ಬಹುಪಾಲು ಹೋಗಿರುತ್ತದೆ. ನಮ್ಮ ವಾಕಿಂಗ್ ಗುಂಪಿನಲ್ಲಿ ಶುಗರ್ ಇರುವವರೇ ಜಾಸ್ತಿ. ಒಂದು ಪದ ಅತ್ತಿತ್ತ ಆದರೆ ಒಬ್ಬರು ಬಾದಾಮಿ ತಿನ್ನುತ್ತಾರೆ, ಇನ್ನೊಬ್ಬರು ಖರ್ಜೂರ.

ಇಲ್ಲಿಂದ ಮುಂದೆ ನನಗೆ ಒಂದು ಮಜಾ ಕಾಣಿಸಿತು. ನಮ್ಮವರು ಒಣಗಿದ್ದಕ್ಕೆ ಬೇರೆ ಹೆಸರನ್ನೇ ಇಟ್ಟುಬಿಡುತ್ತಾರೆ. ಹಸಿ ಇದ್ದಾಗ ಕಾಯಿ, ಒಣಗಿದರೆ ಕೊಬ್ಬರಿ. ಹಸಿ ಇದ್ದಾಗ 'ಅಲ್ಲ', ಒಣಗಿದರೆ 'ಶುಂಠಿ'. ಈಗ 'ಹಸಿಶುಂಠಿ' ಅನ್ನುತ್ತೇವೆ, ಆದರೆ ನಮ್ಮಜ್ಜಿಗೆ ಶುಂಠಿ ಅಂದರೆ ಒಣಗಿದ್ದೇ. ಮೆತ್ತಗಿದ್ದರೆ ಖರ್ಜೂರ, ಕಲ್ಲಿನಂತಾದರೆ ಉತ್ತತ್ತಿ. ಮೈಸೂರಿನ ಕಡೆಯವರು ಅದನ್ನೇ ಉತ್ತುತ್ತೆ ಅನ್ನುತ್ತಾರೆ. ಉತ್ತರ ಕನ್ನಡದಲ್ಲಿ ಒಣಗಿಸಿದ ಬಾಳೆಹಣ್ಣಿಗೆ ಸುಕೇಳಿ. ಅಡಿಕೆಯ ಮಾತನ್ನೇ ಎತ್ತುವುದಿಲ್ಲ, ಚನ್ನಗಿರಿಯವರು ಯಾರಾದರೂ ಇಲ್ಲಿದ್ದರೆ ಸಂಜೆತನಕ ಹೆಸರು ಹೇಳುತ್ತಾರೆ.

ದ್ರಾಕ್ಷಿಯದು ಇನ್ನೂ ಚೆಂದ. ಅಡಿಗೆಮನೆಯಲ್ಲಿ ಬರೀ 'ದ್ರಾಕ್ಷಿ' ಅಂದರೆ ಒಣದ್ರಾಕ್ಷಿಯೇ. "ಶಾವಿಗೆ ಪಾಯಸಕ್ಕೆ ಗೋಡಂಬಿ ದ್ರಾಕ್ಷಿ ಹುರಿ" ಅಂದರೆ ಯಾರೂ ಹಸಿ ಗೊಂಚಲು ತರುವುದಿಲ್ಲ. ಹಸಿಯದು ಬೇಕಾದರೆ 'ದ್ರಾಕ್ಷಿ ಹಣ್ಣು' ಅನ್ನಬೇಕು. ಉತ್ತರ ಕರ್ನಾಟಕದ ಕಡೆ ಬೇದಾಣ, ಮನುಕ ಅಂತಲೂ ಇದೆ. ಬೇದಾಣ ಪಾರಸಿಯಿಂದ ಬಂದದ್ದು, ಬೀಜ ಇಲ್ಲದ್ದು ಅಂತ ಅರ್ಥ. ಇದಕ್ಕೆಲ್ಲ ಉಲ್ಟಾ ಹುಣಸೆಹಣ್ಣು. ಒಣಗಿಸಿ, ಉಪ್ಪು ಹಾಕಿ ಕುಟ್ಟಿ, ಭರಣಿಯಲ್ಲಿ ಕಪ್ಪಾಗುವತನಕ ಇಟ್ಟರೂ ಅದು ಹುಣಸೆಹಣ್ಣೇ!

ಹೀಗೆ ಒಂದೊಂದಕ್ಕೂ ಹೆಸರಿದೆ, ಎಲ್ಲಕ್ಕೂ ಸೇರಿಸಿ ಒಂದು ಹೆಸರಿಲ್ಲ. ಬೇಕಾಗಿಯೇ ಇರಲಿಲ್ಲವೇನೋ. ಉತ್ತತ್ತಿ ಬಾಣಂತಿಗೆ, ದ್ರಾಕ್ಷಿ ಪಾಯಸಕ್ಕೆ. ಎರಡನ್ನೂ ಒಂದೇ ಸಾಲಿನಲ್ಲಿ ಕೂರಿಸಿದ್ದು ಈ ಊಟದ ಪಟ್ಟಿಗಳೇ.

ನನ್ನ ಮನಸ್ಸು 'ಒಣಗಿಸಿದ ಹಣ್ಣು' ಕಡೆ ವಾಲುತ್ತಿದೆ. 'ಒಣಗಿದ' ಅಂದರೆ ತಾನಾಗಿ ಒಣಗಿದ್ದು, ಬಾಡಿದ್ದು. 'ಒಣಗಿಸಿದ' ಅಂದರೆ ಬೇಕೆಂದೇ ಯಾರೋ ಮಾಡಿದ್ದು. ಒಂದು 'ಸಿ' ಸೇರಿಸಿದರೆ ಅವ್ವನ ಮೋಸಂಬಿ ದೂರ ಹೋಗುತ್ತದೆ. ಉದ್ದವಾಯಿತು, ನಿಜ. ಪಕ್ಕದಲ್ಲೇ 'ದ್ರಾಕ್ಷಿ, ಉತ್ತತ್ತಿ, ಅಂಜೂರ' ಅಂತ ಹೆಸರನ್ನೂ ಕೊಡುತ್ತೇನೆ.

ಇನ್ನೊಂದು ಸಣ್ಣದು. 'ಒಂದು ಹಿಡಿ' ಸರಿಯೇ? ಅಡಿಗೆಮನೆಯ ತಕ್ಕಡಿಯಲ್ಲಿ 30 ಗ್ರಾಂ ದ್ರಾಕ್ಷಿ ತೂಗಿ ಎಣಿಸಿದೆ, 58 ಬಂದವು. ಅಂಗೈ ಗುಳಿ ತುಂಬಿತು ಅಷ್ಟೇ. ಅವ್ವನಿಗೆ ಒಂದು ಹಿಡಿ ತೆಗೆ ಅಂದರೆ ಡಬ್ಬಿಯೊಳಗೆ ಕೈ ಹಾಕಿ ಬಾಚಿದಳು, 52 ಗ್ರಾಂ ತೂಗಿತು. ಅಳತೆಗೆ 'ಅಂಗೈಯಷ್ಟು' ಅನ್ನಲೇ, ಸುಮ್ನೆ ಗ್ರಾಂ ಮಾತ್ರ ಉಳಿಸಲೇ? 'ಹಲ್ಲಿಗೆ ಅಂಟುತ್ತದೆ, ಊಟದ ಜೊತೆಗೇ ತಿನ್ನಿ' ಅನ್ನುವ ಪಟ್ಟಿಯ ಮಾತಿಗೆ 'ಆಗಾಗ ಬಾಯಾಡಿಸಬೇಡಿ' ಅಂತ ಬರೆದಿದ್ದೇನೆ. ಅದನ್ನು ಮಾತ್ರ ಬದಲಿಸುವುದಿಲ್ಲ.

ಚಿತ್ರದುರ್ಗ, ಬಳ್ಳಾರಿ, ಕರಾವಳಿ ಕಡೆಯವರು ಇವನ್ನೆಲ್ಲ ಸೇರಿಸಿ ಏನಾದರೂ ಅನ್ನುತ್ತೀರಾ? ಮನೆಯಲ್ಲಿ ವಯಸ್ಸಾದವರನ್ನು ಕೇಳಿ ನೋಡಿ. ಸೋಮವಾರ ಪಟ್ಟಿಯನ್ನು ಜೆರಾಕ್ಸ್‌ಗೆ ಕೊಡಬೇಕು, ಆ ಸಾಲಿನ ಜಾಗ ಸದ್ಯಕ್ಕೆ ಖಾಲಿ ಬಿಟ್ಟಿದ್ದೇನೆ.